ಬಳೆ ಬಾಳೆಯಾದ ಹಾಡು

ಬಿ.ಎ.ಗೆ ಹಿಂದೂಸ್ತಾನಿ ಗಾಯನವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಗದಗಿನಿಂದ ಧಾರವಾಡಕ್ಕೆ ಬಂದೆ. ಕವಿತೆ ಬರೆಯುವ ರೂಢಿ ಹೈಸ್ಕೂಲಿನಿಂದಲೇ ಇತ್ತು. ಬರೆದ ಕವಿತೆಗೆ ರಾಗ ಹಚ್ಚಿದರೆ ಹಾಡಾಯಿತು ಎಂದು ನಂಬಿದ್ದೆ.

ಮೊದಲ ವರ್ಷ ಅಲಂಕಾರ, ಸ್ವರಮಾಲಿಕೆ, ಭೂಪ, ಯಮನ್ ರಾಗಗಳಲ್ಲಿ ಕಳೆಯಿತು. ಕಲಿತ ಚೀಜುಗಳು, ಅಂದರೆ ರಾಗದಲ್ಲಿ ಕಟ್ಟಿದ ಪುಟ್ಟ ಹಾಡುಗಳು, ಬಹುಪಾಲು ಬ್ರಜ ಭಾಷೆಯವು. ಅರ್ಥ ಅರ್ಧಂಬರ್ಧ ತಿಳಿದರೂ ಸ್ವರ ತಪ್ಪದಂತೆ ಹಾಡುತ್ತಿದ್ದೆವು. ಮೂರನೆಯ ಸೆಮಿಸ್ಟರಿನಲ್ಲಿ ಗುರುಗಳು, ಪ್ರತಿಯೊಬ್ಬರೂ ಕನ್ನಡದಲ್ಲಿ ಸ್ವಂತದ್ದೊಂದು ಚೀಜು ಕಟ್ಟಿಕೊಂಡು ಬರಬೇಕು ಎಂದರು. ಹಾಡಿನ ಮೊದಲ ಭಾಗವಾದ ಸ್ಥಾಯಿ ಎರಡು ಸಾಲು, ಮೇಲಿನ ಸ್ವರಗಳಿಗೆ ಏರುವ ಅಂತರಾ ಎರಡು ಸಾಲು, ಮಧ್ಯಲಯದ ತೀನತಾಲ. ನಾನು ಹನ್ನೆರಡು ಸಾಲು ಬರೆದುಕೊಂಡು ಹೋದೆ.

ಅವ್ವನ ಹಸಿರು ಬಳೆಗಳ ಬಗ್ಗೆ ಬರೆದ ಹಾಡದು. ಮೊದಲ ಸಾಲು ‘ಅವ್ವನ ಕೈಯಲಿ ಬಳೆ’. ತೀನತಾಲದ ಹದಿನಾರು ಮಾತ್ರೆಗಳಲ್ಲಿ ಒಂಬತ್ತನೆಯದರಿಂದ, ಅಂದರೆ ಚಪ್ಪಾಳೆಯಿಲ್ಲದೆ ಕೈ ಬೀಸುವ ಖಾಲಿಯಿಂದ ಎತ್ತಿಕೊಂಡರೆ ಎಂಟು ಮಾತ್ರೆ ಮುಗಿದು ‘ಬಳೆ’ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬರುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯಿತ್ತು. ಹಾಡಿದಾಗ ಸಮ್‌ನಲ್ಲಿ ನಿಲ್ಲಬೇಕಲ್ಲ, ‘ಬ’ವನ್ನು ಎಳೆದೆ. ತಬಲಾದ ಹುಡುಗ ಕೈ ನಿಲ್ಲಿಸಿ, “ಬಾಳೆ ಎಲ್ಲಿಂದ ಬಂತು?” ಎಂದು ಕೇಳಿದ. ಅವನು ನಿಜವಾಗಿಯೇ ಹಾಗೆ ಕೇಳಿಸಿಕೊಂಡಿದ್ದ.

ಗುರುಗಳು ನನ್ನ ವಹಿಯನ್ನು ಮುಚ್ಚಿ ಹಾರ್ಮೋನಿಯಂ ಪೆಟ್ಟಿಗೆಯ ಮೇಲಿಟ್ಟರು. “ಲಘು ಅಕ್ಷರವನ್ನು ಎಳೆದರೆ ಕನ್ನಡದಲ್ಲಿ ಮಾತೇ ಬೇರೆಯಾಗುತ್ತದೆ, ತಂಗಿ. ಸಮ್‌ಗೆ ಗುರು ಅಕ್ಷರ ಹುಡುಕು. ಬರೆಯಬೇಡ, ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲೇ ಕಟ್ಟು” ಎಂದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಕೇಳಿ ಕೇಳಿಯೇ ಹಾಡು ಕಲಿಯುವುದನ್ನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದೆ. ವಹಿಯಿಲ್ಲದೆ ಕುಳಿತಾಗ ಅವರೇ ಕಣ್ಣ ಮುಂದೆ ಬಂದರು.

ನಾಲ್ಕು ದಿನ ಹಾಸ್ಟೆಲಿನ ಮಾಳಿಗೆಯ ಮೇಲೆ ಮೊಬೈಲಿನ ತಂಬೂರಿಯನ್ನು ಕರಿ ನಾಲ್ಕರ ಶ್ರುತಿಗೆ ಇಟ್ಟುಕೊಂಡು ಅದೊಂದೇ ಸಾಲನ್ನು ತಿರುವಿದೆ. ಐದನೆಯ ದಿನ ಬಂದದ್ದು ‘ಅವ್ವನ ಬಳೆಗಳ ನಾದ’. ‘ಅವ್ವನ’ ನಾಲ್ಕು ಮಾತ್ರೆ, ‘ಬಳೆಗಳ’ ನಾಲ್ಕು ಮಾತ್ರೆ, ‘ನಾ’ ನೇರವಾಗಿ ಸಮ್‌ಗೆ. ಭೂಪದಲ್ಲಿ ಗ ರೆ ಸಾ ರೆ, ಗ ಪ ಧ ಪ ಎಂದು ನಡೆದು ‘ನಾ’ ಗ, ಅಂದರೆ ಗಂಧಾರದ ಮೇಲೆ ನಿಂತಿತು. ಭೂಪದ ವಾದಿ, ಅಂದರೆ ಮುಖ್ಯ ಸ್ವರವೂ ಅದೇ. ಎಷ್ಟು ಹೊತ್ತು ಎಳೆದರೂ ಮಾತು ಕೆಡಲಿಲ್ಲ. ಆ ಸಂಜೆಯ ಸಂತೋಷ ಇಂದಿಗೂ ನನ್ನಲ್ಲಿದೆ.

ಅಂತರಾದಲ್ಲಿ ಇನ್ನೊಂದು ತೊಡಕು ಎದುರಾಯಿತು. ತಾರ ಷಡ್ಜಕ್ಕೆ ಏರುವ ಜಾಗದಲ್ಲಿ ನಾನು ‘ಊರು’ ಎಂದಿಟ್ಟಿದ್ದೆ. ಮೇಲಿನ ಸಾ ಮೇಲೆ ‘ಊ’ ಹಿಡಿದರೆ ನನ್ನ ಗಂಟಲು ಬಿಗಿಯುತ್ತಿತ್ತು, ದನಿ ಸಣ್ಣದಾಗುತ್ತಿತ್ತು. ‘ಊರ ದಾರಿ’ ಎಂದು ಮಾಡಿ ‘ದಾ’ವನ್ನು ಅಲ್ಲಿ ಕೂರಿಸಿದಾಗ ಬಾಯಿ ತೆರೆಯಿತು. ಕವಿತೆ ಬರೆಯುವಾಗ ಗಂಟಲಿನ ಯೋಚನೆ ನನಗೆ ಎಂದೂ ಬಂದಿರಲಿಲ್ಲ. ಹಾಡು ಕಟ್ಟುವವರು ಮೊದಲು ಮಾಡಬೇಕಾದ ಯೋಚನೆ ಅದೇ ಎಂದು ನನಗೆ ಈಗ ಅನಿಸುತ್ತದೆ.

ಆ ದಿನಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಮತ್ತೆ ಮತ್ತೆ ಕೇಳಿದೆ. ವಚನಕ್ಕೆ ಷಟ್ಪದಿಯಂತೆ ಎಣಿಸಿಟ್ಟ ಮಾತ್ರೆಗಳಿಲ್ಲ. ಆದರೂ ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಆ ಗಾಯಕರ ಬಾಯಲ್ಲಿ ಅದು ರಾಗಕ್ಕೂ ಒಲಿಯುತ್ತದೆ, ಮಾತಾಗಿಯೂ ಉಳಿಯುತ್ತದೆ. ರಾಗವನ್ನು ಬಿಟ್ಟು, ಅವರು ಯಾವ ಅಕ್ಷರದ ಮೇಲೆ ನಿಲ್ಲುತ್ತಾರೆ, ಯಾವುದನ್ನು ಮುಟ್ಟಿ ದಾಟುತ್ತಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಂಡೆ. ಆ ಗುರುತುಗಳು ನನಗೆ ಎರಡನೆಯ ಪಾಠವಾದವು.

ಪರೀಕ್ಷೆ ಚೆನ್ನಾಗಿ ಆಯಿತು.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅಜ್ಜಿಯ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಳ್ಳಲು ಕುಳಿತೆ. ತ್ರಿಪದಿ ಎಂದರೆ ಮೂರು ಸಾಲು. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಾಡಿ ನಾಲ್ಕಾಗಿಸುತ್ತಾರೆ. ಅದನ್ನು ಯಾವ ತಾಳಕ್ಕೆ ಕೂರಿಸಬಹುದೆಂದು ಎಣಿಸಬೇಕಿತ್ತು. ಅಜ್ಜಿ ಗೋಡೆಗೆ ಒರಗಿ ಎರಡು ಸಾಲು ಹೇಳಿ ನಿಂತಳು, ಮುಂದಿನದು ನೆನಪಾಗಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಹೇಳಿದಳು, ಅಲ್ಲಿಯೇ ನಿಂತಳು. ಕೊನೆಗೆ ಎದ್ದು ಮೂಲೆಯಲ್ಲಿದ್ದ ಬೀಸುವ ಕಲ್ಲಿನ ಮುಂದೆ ಕುಳಿತು, ಗೂಟ ಹಿಡಿದು, ಕಾಳು ಹಾಕದೆಯೇ ತಿರುಗಿಸಿದಳು. ಮೂರು ಸುತ್ತಾಗುವಷ್ಟರಲ್ಲಿ ಮೂರನೆಯ ಸಾಲು ಬಂತು, ಅದರ ಬೆನ್ನಿಗೆ ಇನ್ನೊಂದು ಪದ. ನಾನು ಎಣಿಸುವುದನ್ನು ಬಿಟ್ಟು ಎದುರಿಗೆ ಕುಳಿತು ಗೂಟಕ್ಕೆ ಕೈ ಹಚ್ಚಿದೆ.