ಕ್ಯಾಪಿಸ್ಟ್ರಾನೊದಲ್ಲಿ ಸ್ವಂತ ಟಾಸ್ಕ್: ಮೈಗ್ರೇಷನ್‌ಗೆ ಮುನ್ನ ಡೇಟಾಬೇಸ್ ಬ್ಯಾಕಪ್

ರೂಬಿ ಭಾಷೆಯ ರೈಲ್ಸ್ ಚೌಕಟ್ಟಿನಲ್ಲಿ ಬರೆದ ಆ್ಯಪ್‌ಗಳನ್ನು ಸರ್ವರ್‌ಗೆ ಏರಿಸಲು (ಡಿಪ್ಲಾಯ್ ಮಾಡಲು) ಬಳಸುವ ಕ್ಯಾಪಿಸ್ಟ್ರಾನೊದ 3ನೇ ಆವೃತ್ತಿಯ ಟಾಸ್ಕ್‌ಗಳೆಲ್ಲ ರೇಕ್ (ರೂಬಿಯಲ್ಲಿ ಕೆಲಸಗಳನ್ನು ಬರೆದು ಓಡಿಸುವ ಸಾಧನ) ಟಾಸ್ಕ್‌ಗಳೇ ಆಗಿರುವುದರಿಂದ, ಸ್ವಂತ ಟಾಸ್ಕ್ ಬರೆಯಲು ಹೊಸ ವ್ಯಾಕರಣವನ್ನು ಕಲಿಯಬೇಕಾಗಿಲ್ಲ. ಬರೆದ ಪ್ರತಿ ಸಾಲೂ ಯಾವ ಯಂತ್ರದಲ್ಲಿ, ಡಿಪ್ಲಾಯ್‌ನ ಯಾವ ಹಂತದಲ್ಲಿ ಓಡುತ್ತದೆ ಎಂಬುದನ್ನು ಮಾತ್ರ ಖಚಿತವಾಗಿ ತಿಳಿದಿರಬೇಕು. ಮೈಗ್ರೇಷನ್‌ಗೆ, ಅಂದರೆ ಡೇಟಾಬೇಸ್‌ನ ರಚನೆಯನ್ನು ಬದಲಿಸುವ ಹಂತಕ್ಕೆ ಮುನ್ನ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬ್ಯಾಕಪ್ ತೆಗೆಯುವ ಟಾಸ್ಕ್ ಒಂದನ್ನು ಉದಾಹರಣೆಯಾಗಿ ನೋಡೋಣ.

ಪ್ರಾಜೆಕ್ಟ್‌ನ 'ಲಿಬ್/ಕ್ಯಾಪಿಸ್ಟ್ರಾನೊ/ಟಾಸ್ಕ್ಸ್' ಡೈರೆಕ್ಟರಿಯಲ್ಲಿ 'ಡಾಟ್ ರೇಕ್' ಎಂದು ಕೊನೆಗೊಳ್ಳುವ ಫೈಲ್ ಒಂದನ್ನು ತೆರೆಯಿರಿ. ಕ್ಯಾಪಿಸ್ಟ್ರಾನೊ ಮೊದಲು ಓದುವ ಕ್ಯಾಪ್‌ಫೈಲ್‌ನ ಕೊನೆಯಲ್ಲಿರುವ ಸಾಲು ಅದನ್ನು ತಾನಾಗಿಯೇ ಲೋಡ್ ಮಾಡುತ್ತದೆ. ಅದರಲ್ಲಿ 'ಡಿಬಿ' ನೇಮ್‌ಸ್ಪೇಸ್‌ನ ಒಳಗೆ 'ಬ್ಯಾಕಪ್' ಎಂಬ ಟಾಸ್ಕ್ ಇರಲಿ, ಮೇಲೊಂದು 'ಡೆಸ್ಕ್' ವಿವರಣೆಯೂ ಇರಲಿ. ವಿವರಣೆಯಿಲ್ಲದ ಟಾಸ್ಕ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಟಾಸ್ಕ್‌ನ ಒಳಗೆ 'ಆನ್ ಪ್ರೈಮರಿ ಡಿಬಿ' ಎಂಬ ಬ್ಲಾಕ್ ತೆರೆದರೆ, ಡಿಬಿ ಪಾತ್ರದ ಸರ್ವರ್‌ಗಳು ಎಷ್ಟೇ ಇದ್ದರೂ ಮುಖ್ಯವಾದ ಒಂದರಲ್ಲಿ ಮಾತ್ರ ಕೆಲಸ ನಡೆಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬ್ಲಾಕ್‌ನ ಒಳಗಿದ್ದ ಮಾತ್ರಕ್ಕೆ ರೂಬಿ ಕೋಡ್ ಸರ್ವರ್‌ನಲ್ಲಿ ಓಡುವುದಿಲ್ಲ. 'ಎಕ್ಸಿಕ್ಯೂಟ್', 'ಟೆಸ್ಟ್', 'ಕ್ಯಾಪ್ಚರ್' ಮುಂತಾದವುಗಳಿಗೆ ಕೊಟ್ಟ ಆಜ್ಞೆಗಳಷ್ಟೇ ಎಸ್‌ಎಸ್‌ಎಚ್ (ಸುರಕ್ಷಿತ ದೂರಸಂಪರ್ಕ) ಮೂಲಕ ಅಲ್ಲಿಗೆ ಹೋಗುತ್ತವೆ. ಆದ್ದರಿಂದ ರೂಬಿಯ ಫೈಲ್ ಕ್ಲಾಸ್ ಬಳಸಿ ಒಂದು ಫೈಲ್ ಇದೆಯೇ ಎಂದು ಕೇಳಿದರೆ ಉತ್ತರ ನಿಮ್ಮದೇ ಲ್ಯಾಪ್‌ಟಾಪ್‌ನ ಡಿಸ್ಕ್‌ನಿಂದ ಬರುತ್ತದೆ. ಸರ್ವರ್‌ನ ಫೈಲ್ ಬೇಕಿದ್ದರೆ 'ಟೆಸ್ಟ್' ಬಳಸಬೇಕು.

ಮೊದಲು 'ಎಕ್ಸಿಕ್ಯೂಟ್' ಮೂಲಕ 'ಶೇರ್ಡ್ ಪಾತ್'ನ (ಎಲ್ಲ ರಿಲೀಸ್‌ಗಳಿಗೂ ಸಾಮಾನ್ಯವಾದ ಡೈರೆಕ್ಟರಿಯ) ಒಳಗೆ 'ಬ್ಯಾಕಪ್ಸ್' ಡೈರೆಕ್ಟರಿಯನ್ನು ಮಾಡಿ, ಬಳಿಕ ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಆಜ್ಞೆಯಾದ 'ಪಿಜಿ ಡಂಪ್' ಓಡಿಸಿ. ಆಜ್ಞೆಯ ಹೆಸರನ್ನೂ ಆಯ್ಕೆಗಳನ್ನೂ ಬೇರೆ ಬೇರೆ ಆರ್ಗ್ಯುಮೆಂಟ್‌ಗಳಾಗಿ ಕೊಡುವುದು ಮುಖ್ಯ, ಏಕೆಂದರೆ ಖಾಲಿ ಜಾಗವಿರುವ ಒಂದೇ ಸ್ಟ್ರಿಂಗ್ ಕೊಟ್ಟರೆ ಸುತ್ತಲಿನ 'ವಿದಿನ್' (ಯಾವ ಡೈರೆಕ್ಟರಿಯಲ್ಲಿ), 'ವಿತ್' (ಯಾವ ಪರಿಸರ ಚರಾಂಶಗಳೊಂದಿಗೆ) ಸೂಚನೆಗಳು ಸದ್ದಿಲ್ಲದೆ ಕೈಬಿಟ್ಟುಹೋಗುತ್ತವೆ. ಡಂಪ್‌ನ ಹೊರಹರಿವನ್ನು ಪೈಪ್ ಮೂಲಕ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕಳಿಸುವ ಅಭ್ಯಾಸವನ್ನೂ ಬಿಡುವುದು ಒಳಿತು: ಸಾಮಾನ್ಯವಾಗಿ ಶೆಲ್ ನೋಡುವುದು ಪೈಪ್‌ನ ಕೊನೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ, ಹಾಗಾಗಿ ಡಂಪ್ ಅರ್ಧದಲ್ಲಿ ಸೋತರೂ ಟಾಸ್ಕ್ ಗೆದ್ದಂತೆಯೇ ತೋರುತ್ತದೆ. ಪಿಜಿ ಡಂಪ್‌ನ ಕಸ್ಟಮ್ ಫಾರ್ಮ್ಯಾಟ್ ತಾನೇ ಸಂಕುಚಿತಗೊಳಿಸುತ್ತದೆ. ಪಾಸ್‌ವರ್ಡ್ ಕೇಳಿ ನಿಲ್ಲದಂತೆ ಸರ್ವರ್‌ನಲ್ಲಿ ಪಾಸ್‌ವರ್ಡ್ ಬರೆದಿರುವ 'ಪಿಜಿಪಾಸ್' ಫೈಲ್ ಇಟ್ಟು, ಅದರ ಅನುಮತಿ 0600 (ಮಾಲೀಕನಿಗೆ ಮಾತ್ರ ಓದು-ಬರಹ) ಇರುವಂತೆ ನೋಡಿಕೊಳ್ಳಿ.

ಇನ್ನು ಹಂತದ ಪ್ರಶ್ನೆ. 'ಬಿಫೋರ್' ಬಳಸಿ ಈ ಟಾಸ್ಕನ್ನು 'ಡಿಪ್ಲಾಯ್:ಮೈಗ್ರೇಟ್'ಗೆ ಕಟ್ಟುವುದಕ್ಕಿಂತ 'ಡಿಪ್ಲಾಯ್:ಮೈಗ್ರೇಟಿಂಗ್'ಗೆ ಕಟ್ಟುವುದು ಸರಿಯೆಂದು ನನ್ನ ಅಭಿಪ್ರಾಯ. ಮೊದಲನೆಯದು ಮೈಗ್ರೇಷನ್ ಬೇಕೇ ಎಂದು ನೋಡುವ ಹಂತ, ಎರಡನೆಯದು ಅದನ್ನು ನಿಜವಾಗಿ ನಡೆಸುವ ಹಂತ; ಹೊಸ ಮೈಗ್ರೇಷನ್ ಇಲ್ಲದಾಗ ಈ ಎರಡನೆಯದನ್ನು ಬಿಟ್ಟುಬಿಡುವ ಸೆಟ್ಟಿಂಗ್ ಹಾಕಿದ್ದರೆ ಬ್ಯಾಕಪ್ ಕೂಡ ವೃಥಾ ನಡೆಯುವುದಿಲ್ಲ. ಬ್ಯಾಕಪ್ ಸೋತರೆ 'ಎಕ್ಸಿಕ್ಯೂಟ್' ದೋಷವನ್ನೆತ್ತಿ ಡಿಪ್ಲಾಯ್ ನಿಲ್ಲಿಸುತ್ತದೆ, ಮತ್ತು ಆ ಹೊತ್ತಿಗೆ ಸೈಟ್ ಬಳಸುವ ರಿಲೀಸ್ ಯಾವುದೆಂದು ತೋರಿಸುವ 'ಕರೆಂಟ್' ಸಿಮ್‌ಲಿಂಕ್ (ಫೈಲ್ ಕೊಂಡಿ) ಇನ್ನೂ ಹಳೆಯ ರಿಲೀಸ್‌ನತ್ತಲೇ ಇರುವುದರಿಂದ ಸೈಟ್‌ಗೆ ಧಕ್ಕೆಯಾಗುವುದಿಲ್ಲ. ದೋಷವನ್ನು ರೂಬಿಯ 'ರೆಸ್ಕ್ಯೂ'ನಿಂದ ಹಿಡಿದು ಮುಚ್ಚಿಡಬೇಡಿ.

ಪ್ರೊಡಕ್ಷನ್‌ಗೆ (ನಿಜವಾದ ಸರ್ವರ್‌ಗೆ) ಮುನ್ನ ಸ್ಟೇಜಿಂಗ್‌ನಲ್ಲಿ (ಪರೀಕ್ಷಾ ಸರ್ವರ್‌ನಲ್ಲಿ) ಟಾಸ್ಕನ್ನು ಪ್ರತ್ಯೇಕವಾಗಿ ಓಡಿಸಿ, ಸಿಕ್ಕ ಫೈಲನ್ನು ಬ್ಯಾಕಪ್ ಮರಳಿ ತುಂಬುವ ಆಜ್ಞೆಯಾದ 'ಪಿಜಿ ರಿಸ್ಟೋರ್'ನ ಲಿಸ್ಟ್ ಆಯ್ಕೆಯಿಂದ ತೆರೆದು ನೋಡಿ. ಎಷ್ಟು ರಿಲೀಸ್ ಉಳಿಸಬೇಕೆಂದು ಹೇಳುವ 'ಕೀಪ್ ರಿಲೀಸಸ್' ಸಂಖ್ಯೆ (ಬೇರೆ ಸಂಖ್ಯೆ ಕೊಡದಿದ್ದರೆ 5) ರಿಲೀಸ್‌ಗಳಿಗಷ್ಟೇ ಅನ್ವಯಿಸುವುದರಿಂದ, ಹಳೆಯ ಬ್ಯಾಕಪ್‌ಗಳನ್ನು ಅಳಿಸಲು ಸರ್ವರ್‌ನ ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆಯಲ್ಲಿ) ಬೇರೆಯೇ ವ್ಯವಸ್ಥೆ ಮಾಡಬೇಕು.