ಉಪ್ಪಿನಕಾಯಿ ರಸದಿಂದ ಬೆಳೆದ ಇಮೇಲ್ ಪಟ್ಟಿ

"ಇಮೇಲ್ ಎಂತಕ್ಕೆ ಮಾರಾಯ್ತಿ, ವಾಟ್ಸಾಪ್ ಇಲ್ವಾ?" ಮೂರು ವರ್ಷದ ಹಿಂದೆ, ನಮ್ಮ ಉಪ್ಪಿನಕಾಯಿ ಮಾರಲು ಗಿರಾಕಿಗಳ ಇಮೇಲ್ ಪಟ್ಟಿ ಮಾಡ್ತೇನೆ ಅಂದಾಗ ಭಾವ ಹೀಗೆ ಕೇಳಿದರು. ನಾನು ಸುಮ್ಮನಿದ್ದೆ. ಈ ಮಾರ್ಚ್‌ನಲ್ಲಿ ಒಂದೇ ಒಂದು ಮೇಲ್ ಕಳಿಸಿದೆ. ಎರಡು ದಿನದಲ್ಲಿ ಹತ್ತಿರ ಹತ್ತಿರ 340 ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಮುಂಗಡ ಬಂತು. ಬಾಟಲಿಗೆ 380 ರೂಪಾಯಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಈ ಮುಂಗಡ ನನಗೆ ಎಷ್ಟು ದೊಡ್ಡದು ಅಂತ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಹೇಳಬೇಕಿಲ್ಲ. ಮಿಡಿ, ಅಂದರೆ ಎಳೆ ಮಾವಿನಕಾಯಿ, ಸಿಗುವುದು ವರ್ಷಕ್ಕೆ ಕೆಲವೇ ವಾರ. ರಿಪ್ಪನ್‌ಪೇಟೆಯ ಮಾರುಕಟ್ಟೆಗೆ ಹೋದರೂ, ಮರ ಹತ್ತುವವರ ಹತ್ತಿರವೇ ತಗೊಂಡರೂ ನೂರಕ್ಕೆ ಇಷ್ಟು ಅಂತ ಕೈಮೇಲೆ ನಗದು ಇಡಬೇಕು. ತೊಟ್ಟು ಮುರಿಯದೆ ಸೊನೆ ಉಳಿದಿರುವ ಮಿಡಿ ಬೇಕೆಂದರೆ ರೇಟು ಇನ್ನೂ ಮೇಲೆ. ಹೋದ ವರ್ಷ ನೂರಕ್ಕೆ 300ರ ಆಸುಪಾಸು ಕೊಟ್ಟ ನೆನಪು. ಅದು ಉಪ್ಪಿನಲ್ಲಿ ಚಿರುಟಿ, ಮಸಾಲೆ ಕಂಡು, ಮಾರಾಟವಾಗಿ ದುಡ್ಡು ತಿರುಗಿ ಬರುವಷ್ಟರಲ್ಲಿ ಮಳೆಗಾಲ. ಅಲ್ಲಿ ತನಕ ಸಾಲದ ಬಡ್ಡಿ.

ಮೊದಲ ತಪ್ಪು ಹೇಳಲು ನಾಚಿಕೆ. 3,500 ರೂಪಾಯಿ ಕೊಟ್ಟು 10,000 ವಿಳಾಸದ ಒಂದು ಎಕ್ಸೆಲ್ ಶೀಟ್ ಕೊಂಡುಕೊಂಡೆ. "ಬೆಂಗಳೂರಿನ ಐಟಿ ಜನ, ಎಲ್ಲಾ ಪಕ್ಕಾ" ಅಂದಿದ್ದ ಆ ಪುಣ್ಯಾತ್ಮ. ಬೆಳಿಗ್ಗೆ ಕಳಿಸಿದೆ, ಮಧ್ಯಾಹ್ನದೊಳಗೆ ಕಾಲು ಭಾಗ ವಾಪಸ್. ಸಂಜೆಗೆ ಮೇಲ್ ಕಳಿಸುವ ಸೇವೆಯವರು ನನ್ನ ಖಾತೆ ನಿಲ್ಲಿಸಿದರು. ತಪ್ಪು ಅವರದ್ದಲ್ಲ. ಆರ್ಡರ್ ಬಂದದ್ದು ಸೊನ್ನೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಗೊತ್ತಾಯಿತು. ನಮ್ಮ ಡೊಮೈನ್‌ನಿಂದ, ಅಂದರೆ ನಮ್ಮ ಸ್ವಂತ ಮೇಲ್ ವಿಳಾಸದಿಂದ, ಹೋಗುವ ಬಿಲ್ ಕೂಡ ಗ್ರಾಹಕರ ಸ್ಪ್ಯಾಮ್‌ಗೆ ಬೀಳತೊಡಗಿತ್ತು. ಸರಿಯಾಗಲು ನಾಲ್ಕೈದು ತಿಂಗಳು ಹಿಡಿಯಿತು.

ಎರಡನೆಯದು ಲಕ್ಕಿ ಡ್ರಾ. ವಿಳಾಸ ಕೊಟ್ಟರೆ ಹತ್ತು ಜನರಿಗೆ ಉಪ್ಪಿನಕಾಯಿ ಫ್ರೀ. 600 ಜನ ಸೇರಿದರು, ನಾನು ಮನೆಯಲ್ಲಿ ಪಾಯಸ ಮಾಡಿದೆ. ಡ್ರಾ ಮುಗಿದ ವಾರವೇ ಅರ್ಧ ಜನ ಪಟ್ಟಿ ಬಿಟ್ಟರು. ಉಳಿದವರಲ್ಲಿ ಕೊಂಡವರು ಏಳೋ ಎಂಟೋ. ಆಮೇಲೆ ವೆಬ್‌ಸೈಟಿನಲ್ಲಿ ಹತ್ತು ಪರ್ಸೆಂಟ್ ಡಿಸ್ಕೌಂಟ್ ಪಾಪ್-ಅಪ್ ಹಾಕಿದೆ. ಅದನ್ನು ಬಳಸಿದವರು ನಮ್ಮ ಹಳೇ ಗಿರಾಕಿಗಳೇ! ಒಬ್ಬರು ಮನೆಮಂದಿಯ ಹೆಸರಿನಲ್ಲೆಲ್ಲ ಐಡಿ ಮಾಡಿ ನಾಲ್ಕು ಸಲ ತಗೊಂಡರು. ಹೇಗಿದ್ದರೂ ಕೊಳ್ಳುವವರಿಗೆ ನಾನೇ ಬಾಟಲಿಗೆ 38 ರೂಪಾಯಿ ಬಿಟ್ಟುಕೊಟ್ಟಂತಾಯಿತು.

ಬೆಂಗಳೂರಿನ ಮೇಳದಲ್ಲಿ ಸ್ಟಾಲ್ ಹಾಕಿದಾಗ ರಿಜಿಸ್ಟರ್ ಇಟ್ಟೆ. ಸುಮಾರು 210 ಜನ ಬರೆದರು. ಊರಿಗೆ ಬಂದು ಟೈಪ್ ಮಾಡಲು ಕೂತರೆ ಎಲ್ ಯಾವುದು, ಒಂದು ಯಾವುದು, ದೇವರೇ ಗತಿ. ಒಂದು ಪುಟಕ್ಕೆ ರುಚಿ ನೋಡಿದವರ ಎಣ್ಣೆ ಬೆರಳು ಬೇರೆ. 40ಕ್ಕೂ ಹೆಚ್ಚು ತಪ್ಪು ವಿಳಾಸ. ಮುಂದಿನ ಮೇಳದಲ್ಲಿ ಫೋನನ್ನೇ ಅವರ ಕಡೆ ತಿರುಗಿಸಿ ಕೊಟ್ಟೆ. ಅದೊಂದು ಬದಲಾವಣೆಗೆ ತಪ್ಪು ಐದಾರಕ್ಕೆ ಇಳಿಯಿತು.

ಕೊನೆಗೆ ಕೆಲಸ ಮಾಡಿದ್ದು ಯಾವುದು ಅಂದರೆ, ರಸ.

ಮಿಡಿ ಖಾಲಿಯಾದ ಮೇಲೂ ಬಾಟಲಿಯಲ್ಲಿ ಒಂದಿಷ್ಟು ರಸ ಉಳಿಯುತ್ತದೆ, ಅಲ್ವಾ? ಚೆಲ್ಲಲು ಮನಸ್ಸು ಬರುವುದಿಲ್ಲ, ಏನು ಮಾಡಬೇಕೆಂದೂ ತಿಳಿಯುವುದಿಲ್ಲ. ಗಿರಾಕಿಗಳು ಫೋನ್ ಮಾಡಿ ಇದನ್ನೇ ಕೇಳುತ್ತಿದ್ದರು. ಅಮ್ಮನಿಗೆ ಗೊತ್ತಿದ್ದ ಐದು ಉಪಾಯ ಬರೆದುಕೊಂಡೆ. ಗೊಜ್ಜು, ಮಜ್ಜಿಗೆಗೆ ಬೆರೆಸುವುದು, ಅವಲಕ್ಕಿಗೆ ಕಲಸುವುದು ಇತ್ಯಾದಿ. ಲೇಬಲ್ ಮೇಲೆ ಕ್ಯೂಆರ್ ಕೋಡ್ ಹಾಕಿ, "ರಸ ಉಳಿಯಿತಾ? ಚೆಲ್ಲಬೇಡಿ" ಅಂತ ಬರೆಸಿದೆ. ಸ್ಕ್ಯಾನ್ ಮಾಡಿ ವಿಳಾಸ ಕೊಟ್ಟರೆ ಐದೂ ಉಪಾಯ ಮೇಲ್‌ನಲ್ಲಿ ಬರುತ್ತದೆ.

ಮೊದಲ 500 ಲೇಬಲ್ ದಂಡ. ಮುಚ್ಚಳದಿಂದ ಇಳಿದ ರಸ ಕೋಡ್ ಮೇಲೇ ಹರಿದು, ಬಾಟಲಿ ಖಾಲಿಯಾಗುವ ಹೊತ್ತಿಗೆ ಅದು ಕೆಂಪು ಕಲೆ. ಪ್ರಿಂಟಿಂಗ್‌ಗೆ ಕೊಟ್ಟ 2,200 ನೀರಿಗೆ ಹೋಯಿತು. ಈಗ ಕೋಡ್ ಇರುವುದು ಬಾಟಲಿಯ ತಳದಲ್ಲಿ, ಲ್ಯಾಮಿನೇಟ್ ಆದ ಗುಂಡು ಸ್ಟಿಕರ್ ಮೇಲೆ. ಬಾಟಲಿ ಖಾಲಿ ಮಾಡುವವರು ಬಗ್ಗಿಸಿಯೇ ಬಗ್ಗಿಸುತ್ತಾರೆ, ಆಗ ಕಣ್ಣಿಗೆ ಬೀಳುತ್ತದೆ. ಇದು ನನ್ನದೇ ತಲೆ ಅಂತ ಸ್ವಲ್ಪ ಜಂಬ ಇದೆ. ಈಗ ನೂರು ಬಾಟಲಿ ಹೋದರೆ 20-25 ವಿಳಾಸ ಬರುತ್ತದೆ. ಬಾಟಲಿ ಖಾಲಿಯಾದವರೇ ಬರುವುದರಿಂದ ಅವರಿಗೆ ಇನ್ನೊಂದು ಬೇಕಾಗಿಯೂ ಇರುತ್ತದೆ.

ವಿಳಾಸ ಕೊಟ್ಟವರು ಖಚಿತಪಡಿಸುವ ಕೊಂಡಿ ಒತ್ತಿದರೆ ಮಾತ್ರ ಪಟ್ಟಿಗೆ. ಹತ್ತರಲ್ಲಿ ಮೂರು ಜನ ಅಲ್ಲೇ ಉದುರುತ್ತಾರೆ. "ಯಾಕೆ ಕಳ್ಕೋತೀಯ?" ಅಂತ ತಂಗಿ ಜಗಳ ತೆಗೆದಳು. ಕೊಂಡ ಪಟ್ಟಿಯಿಂದ ಪೆಟ್ಟು ತಿಂದವಳು ನಾನು, ಬಿಡಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಸ್ಪ್ಯಾಮ್ ಅಂತ ಒತ್ತುವವರು 0.3% ಮುಟ್ಟಬಾರದು. ನನ್ನ ಪಟ್ಟಿಯಲ್ಲಿ ಈಗಿರುವುದು 2,100 ಚಿಲ್ಲರೆ. ಆರು ಜನ ಸಿಟ್ಟಾದರೆ ಗಡಿಗೆ ಬಂದೆ. ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಡಿಕಿಮ್, ಡಿಮಾರ್ಕ್ ಎಲ್ಲ ನೀವು ಮಾಡಿಯೇ ಇರುತ್ತೀರಿ, ಬಿಡಿ.

ಎಷ್ಟು ಜನ ತೆರೆದರು ಅಂತ ನೋಡುವುದನ್ನು ಬಿಟ್ಟಿದ್ದೇನೆ. 2021ರಲ್ಲಿ ಆಪಲ್ ಮೇಲ್ ಆಪ್‌ನಲ್ಲಿ ಪ್ರೈವೆಸಿ ಬಂದ ಮೇಲೆ ಆ ಲೆಕ್ಕಕ್ಕೆ ಅರ್ಥವಿಲ್ಲ. ತೆರೆಯದವರದ್ದೂ ತೆರೆದಂತೆ ತೋರಿಸುತ್ತದೆ. ನಾನು ಎಣಿಸುವುದು ಉತ್ತರಗಳನ್ನು. ಮಧ್ಯೆ ಒಂದು ಪ್ರಯೋಗ ಮಾಡಿದೆ. ಅರ್ಧ ಜನರಿಗೆ ಚಂದದ ಫೋಟೋ, ಬಟನ್ ಇರುವ ಇಂಗ್ಲಿಷ್ ಮೇಲ್. ಇನ್ನರ್ಧಕ್ಕೆ ಬರೀ ಕನ್ನಡದಲ್ಲಿ ಕಾಗದದ ಹಾಗೆ ಬರೆದ ಮೇಲ್, ಕೊನೆಗೆ "ನಿಮ್ಮ ಮನೆಯಲ್ಲಿ ಮಿಡಿಗೆ ಇಂಗು ಹಾಕ್ತಾರಾ?" ಅಂತ ಒಂದು ಪ್ರಶ್ನೆ. ಇಂಗ್ಲಿಷ್‌ಗೆ ಬಂದ ಉತ್ತರ ಮೂರು. ಕನ್ನಡಕ್ಕೆ 90 ದಾಟಿತು. ಅದರಲ್ಲಿ ಇಂಗಿನ ಪರ, ವಿರುದ್ಧ ಯುದ್ಧವೇ ಇತ್ತು. ಮಸಾಲೆಗೆ ಇಂಗು ಹಾಕಿದರೆ ಅನಂತಭಟ್ಟನ ಅಪ್ಪೆ ಅನ್ನುವ ಮಿಡಿ ತಳಿಯ ಪರಿಮಳಕ್ಕೆ ಅವಮಾನ ಅಂತ ಒಬ್ಬರು ಎರಡು ಪುಟ ಬರೆದಿದ್ದರು. ಅಂದಿನಿಂದ ಡಿಸೈನರ್‌ಗೆ ಕೊಡುತ್ತಿದ್ದ ತಿಂಗಳಿನ 4,000 ಉಳಿಯಿತು.

ತಿಂಗಳಿಗೆ ಒಂದೇ ಕಾಗದ. ಮಾರುವ ಕಾಗದ ವರ್ಷಕ್ಕೆ ಮೂರು. ಹೊಸಬರಿಗೆ ಮೊದಲು ರಸದ ಉಪಾಯ, ನಾಲ್ಕು ದಿನ ಬಿಟ್ಟು ಮಿಡಿ ಚಿರುಟಿಸುವ ಕಥೆ. ಮೂರನೇ ಮೇಲ್‌ನಲ್ಲಿ ಏನಿದೆ ಅಂತ ಕೇಳಬೇಡಿ, ನನ್ನ ಆರ್ಡರ್ ಹುಟ್ಟುವುದೇ ಅಲ್ಲಿ. ಆರು ತಿಂಗಳು ಅಲುಗಾಡದವರಿಗೆ "ಬಿಡ್ಲಾ, ಇರ್ತೀರಾ?" ಅಂತ ಕೇಳಿ ತೆಗೆಯುತ್ತೇನೆ. ಹಾಗೆ ಈ ತನಕ 700 ಹೆಸರು ತೆಗೆದಿರಬಹುದು. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು.

ಕಳಿಸುವ ಖರ್ಚು, ಸ್ಟಿಕರ್ ಎಲ್ಲ ಸೇರಿ ತಿಂಗಳಿಗೆ 2,000ದ ಒಳಗೆ. ಈ ಸಲ ಮಿಡಿಗೆ ಸಾಲ ಮಾಡಲಿಲ್ಲ. ಭಾವ ಈಗ ತಮ್ಮ ಜೇನುತುಪ್ಪವನ್ನೂ ಕಾಗದದಲ್ಲಿ ಹಾಕು ಅಂತಿದ್ದಾರೆ. ಬಾಟಲಿಗೆ 20 ರೂಪಾಯಿ ಕಮಿಷನ್ ಕೇಳಿದ್ದೇನೆ. ಇನ್ನೂ ಒಪ್ಪಿಲ್ಲ.