ಯಾರು ದೊಡ್ಡ ಗಿಟಾರಿಸ್ಟ್? ವಾದಕ್ಕೆ ಕೂಡುವ ಮುಂಚೆ

ಹುಬ್ಬಳ್ಳಿ-ಧಾರವಾಡದ ಮಂದಿಗೆ ಸಂಗೀತದ ಬಗ್ಗೆ ವಾದ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ. ಮನ್ಸೂರರ ತಾನ ಹೆಚ್ಚೋ, ಗದುಗಿನ ಭೀಮಸೇನರ ದಮ್ಮು ಹೆಚ್ಚೋ ಎಂಬ ಮಾತು ಚಹಾ ಆರಿದ ಮೇಲೂ ನಡೆಯುತ್ತದೆ, ಬಹುಮಟ್ಟಿಗೆ ಕಿವಿಯ ಆಧಾರದ ಮೇಲೇ ನಡೆಯುತ್ತದೆ. ಅದೇ ಮಂದಿ ಗಿಟಾರಿನ ಮಾತು ಬಂದಾಗ ಮಾತ್ರ ಕಿವಿ ಬಿಟ್ಟು ರಾಕ್ ಗಿಟಾರಿಸ್ಟರ ಹೆಸರು ಹಿಡಿಯುತ್ತಾರೆ. "ಹೆಂಡ್ರಿಕ್ಸನ ಮುಂದ ಯಾವನೂ ಇಲ್ಲಲೇ", "ಗಿಲ್ಮೋರ್‌ನ ಕೇಳೀಯೇನ್ ನೀ?" ಅರ್ಧ ತಾಸಿನಲ್ಲಿ ದನಿ ಏರಿರುತ್ತದೆ, ಅಷ್ಟರೊಳಗೆ ಯಾರೂ ಒಂದು ಸ್ವರವನ್ನೂ ಕೇಳಿರುವುದಿಲ್ಲ. ವಾದವನ್ನು ಮತ್ತೆ ಕಿವಿಗೆ ತರಲು ಐದರಿಂದ ಏಳು ಜನ, ಎರಡು ತಾಸು ಮತ್ತು ಎರಡು ಸ್ಪೀಕರ್ ಸಾಕು.

ಪ್ರಶ್ನೆ ಒಂದೇ ಇರಲಿ

"ಶ್ರೇಷ್ಠ ಯಾರು" ಎಂಬುದರೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಯಾರನ್ನು ಕೇಳಿದರೆ ನಿಮಗೆ ಸುಖ? ಯಾರ ಕೈ ಹೆಚ್ಚು ತಯಾರಾಗಿದೆ? ಯಾರಿಂದ ವಾದ್ಯದ ದಾರಿ ಬದಲಾಯಿತು? ಒಬ್ಬ ಮೊದಲನೆಯದಕ್ಕೆ ಉತ್ತರ ಕೊಡುತ್ತಿರುತ್ತಾನೆ, ಇನ್ನೊಬ್ಬ ಮೂರನೆಯದಕ್ಕೆ. ಜಗಳ ಮುಗಿಯದಿರಲು ಇದೇ ಕಾರಣ. ಆ ದಿನದ ಪ್ರಶ್ನೆ ಯಾವುದೆಂದು ಒಂದು ಹಾಳೆಯ ಮೇಲೆ ಬರೆದು ನಡುವೆ ಇಡಿ. ಮೊದಲನೆಯದನ್ನು ಆರಿಸಿದರೆ ವಾದವೇ ಬೇಡ, ಕೇಳಿ ಎದ್ದು ಹೋಗಬಹುದು. ಎರಡನೆಯದು ಅತ್ಯಂತ ಫಲ ಕೊಡುವ ಪ್ರಶ್ನೆ. ಮೂರನೆಯದಕ್ಕೆ ಇಸವಿಗಳು ಬೇಕಾಗುತ್ತವೆ, ಅದರ ಮಾತು ಮುಂದೆ ಇದೆ.

ಆಮೇಲೆ ಪಂಗಡ ಬೇರೆ ಮಾಡಿ. ಬ್ರಿಜ್‌ಭೂಷಣ್ ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ಬಾರಿಸುತ್ತಿದ್ದರು. ಅಲ್ಲಿ ಮೀಂಡಿಗೆ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಕ್ಕೆ) ಮನೆಗಳ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ, ಅಡ್ಡಿಯೇ ಇಲ್ಲ. ವಿಶ್ವಮೋಹನ್ ಭಟ್ಟರ ಮೋಹನವೀಣೆಯದೂ ಅದೇ ಜಾತಿ. ಇವರನ್ನು ಮನೆ ಒತ್ತಿ ಬಾರಿಸುವ ರಾಕ್ ವಾದಕ ಎರಿಕ್ ಕ್ಲ್ಯಾಪ್ಟನ್ ಪಕ್ಕ ನಿಲ್ಲಿಸಿ "ಮೀಂಡ್ ಯಾರದು ಚಂದ" ಎಂದು ಕೇಳುವುದು ಅನ್ಯಾಯ. ನೈಲಾನ್ ತಂತಿಯ ಸೆಗೋವಿಯಾ, ಪಾಕೊ ದೆ ಲೂಸಿಯಾ ಇವರಿಗೂ ಒಂದು ಬೇರೆ ದಿನ ಇಡಿ.

ತುಣುಕು ಆರಿಸುವುದು

ಒಬ್ಬರಿಗೆ ಎರಡು ಹೆಸರು, ಒಂದೊಂದು ಹೆಸರಿಗೆ 90 ಸೆಕೆಂಡಿನ ಒಂದು ತುಣುಕು. ಐದು ಜನ ಸೇರಿದರೆ ಹತ್ತು ತುಣುಕು. ಪ್ರತಿಯೊಂದನ್ನೂ ಎರಡು ಸಲ ಕೇಳಿದರೂ ಅರ್ಧ ತಾಸಿನಲ್ಲಿ ಮುಗಿಯುತ್ತದೆ, ಉಳಿದದ್ದು ಮಾತಿಗೆ. ವಿಲಂಬಿತಕ್ಕೆ ವಿಲಂಬಿತವನ್ನೇ ಜೋಡಿಸಿ. ಒಬ್ಬರ ಸಾವಕಾಶದ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಪಕ್ಕದಲ್ಲಿ ಇನ್ನೊಬ್ಬರ ದ್ರುತ ಇಟ್ಟರೆ ಮತವೆಲ್ಲ ದ್ರುತಕ್ಕೆ ಬೀಳುತ್ತದೆ. ಸ್ಟುಡಿಯೋ ಧ್ವನಿಮುದ್ರಣ ಮತ್ತು ಕಛೇರಿಯನ್ನೂ ಕಲೆಸಬೇಡಿ. ಸ್ಟುಡಿಯೋದಲ್ಲಿ ಹಲವು ಸಲ ನುಡಿಸಿದ್ದನ್ನು ಕತ್ತರಿಸಿ ಜೋಡಿಸಬಹುದು, ಒಂದರ ಮೇಲೊಂದು ಏರಿಸಬಹುದು.

ತುಣುಕು ತರುವ ಮೊದಲು ನುಡಿಸಿದವರು ಯಾರೆಂದು ಖಚಿತ ಮಾಡಿಕೊಳ್ಳಿ. ಇಲ್ಲಿ ಎಡವುವವರು ಬಹಳ. ಬೀಟಲ್ಸ್ ತಂಡದ 'ವೈಲ್ ಮೈ ಗಿಟಾರ್ ಜಂಟ್ಲಿ ವೀಪ್ಸ್' (1968) ಹಾಡಿನ ಸೋಲೊ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ತಂಡದ ಜಾರ್ಜ್ ಹ್ಯಾರಿಸನ್‌ನದಲ್ಲ, ಅತಿಥಿಯಾಗಿ ಬಂದ ಕ್ಲ್ಯಾಪ್ಟನ್‌ನದು. ಮೈಕೆಲ್ ಜಾಕ್ಸನ್‌ನ 'ಬೀಟ್ ಇಟ್'ನಲ್ಲಿ ಸೋಲೊ ಎಡ್ಡಿ ವ್ಯಾನ್ ಹೇಲನ್‌ನದು, ಆದರೆ ಹಾಡನ್ನು ಹೊತ್ತು ನಡೆಸುವ ರಿದಮ್ ಗಿಟಾರ್ ಸ್ಟೀವ್ ಲೂಕಥರ್‌ದು.

ದನಿ ಸಮ ಮಾಡುವುದು

ಎಲ್ಲರೂ ಬಿಡುವ ಹೆಜ್ಜೆ ಇದು. ವಾದ ಹೆಚ್ಚು ಕೆಡುವುದೂ ಇಲ್ಲೇ. ಎರಡು ತುಣುಕುಗಳಲ್ಲಿ ಒಂದು ತುಸು ಜೋರಾಗಿದ್ದರೆ ಸಾಕು, ಕೇಳುವವರಿಗೆ ಅದೇ ತುಂಬಿದಂತೆ, ಹತ್ತಿರ ಬಂದಂತೆ ಕೇಳಿಸುತ್ತದೆ. ಸಣ್ಣ ದನಿಯಲ್ಲಿ ಮಂದ್ರವೂ ತೀರ ತಾರವೂ ಕಿವಿಗೆ ಕಡಿಮೆ ತಾಗುವುದೇ ಇದಕ್ಕೆ ಕಾರಣ. 1960ರ ದಶಕದ ಆಲ್ಬಮ್ಮಿನ ಹಳೆಯ ಸಿಡಿಗೂ ಇತ್ತೀಚಿನ ರೀಮಾಸ್ಟರಿಗೂ (ಹಳೆಯ ಮುದ್ರಣವನ್ನು ಹೊಸದಾಗಿ ಹದಗೊಳಿಸಿದ್ದಕ್ಕೂ) ಈ ಅಂತರ ಸುಮಾರು ಇರುತ್ತದೆ. ಫೋನಿನಲ್ಲಿ ಡೆಸಿಬಲ್ ಅಳೆಯುವ ಯಾವುದಾದರೂ ಆ್ಯಪ್ ಹಾಕಿ, ಕೂಡುವ ಜಾಗದಲ್ಲೇ ಇಟ್ಟು, ತುಣುಕುಗಳ ನಡುವಿನ ವ್ಯತ್ಯಾಸವನ್ನು ಒಂದು ಡೆಸಿಬಲ್ ಒಳಗೆ ತನ್ನಿ. ಆ್ಯಪಿನ ಅಂಕಿ ನಿಖರ ಇರದಿದ್ದರೂ ಹೋಲಿಕೆಗೆ ನಡೆಯುತ್ತದೆ. ಬಾಸ್ ಬೂಸ್ಟ್, ಈಕ್ವಲೈಸರ್ ಎಲ್ಲ ಬಂದ್.

ಒಂದೇ ಬ್ಲೂಟೂತ್ ಡಬ್ಬಿ ಇದ್ದರೆ ಎಡ-ಬಲ ಕಲೆಸಿಹೋಗುತ್ತದೆ. 1981ರಲ್ಲಿ ಬಂದ 'ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ' ಆಲ್ಬಮ್ಮಿನ ಮೊದಲ ತುಣುಕಿನಲ್ಲಿ ಪಾಕೊ ಎಡಕ್ಕೆ, ಆಲ್ ಡಿ ಮಿಯೋಲಾ ಬಲಕ್ಕೆ. ಡಬ್ಬಿಯೊಳಗೆ ಇಬ್ಬರೂ ಒಂದಾದರೆ ಯಾರದನ್ನು ಹೊಗಳುತ್ತಿದ್ದೀರಿ ಎಂಬುದೇ ತಿಳಿಯದು. ಎರಡು ಸ್ಪೀಕರನ್ನು ಆರೇಳು ಅಡಿ ದೂರ ಇಡಿ.

ಫೋನನ್ನು ಮತ ಹಾಕದ ಒಬ್ಬರ ಕೈಗೆ ಕೊಡಿ. ಪರದೆ ಕೆಳಗೆ ಮಾಡಿ ಹಚ್ಚಲಿ, ಹೆಸರು ಹೇಳದಿರಲಿ. ಬಹಳ ಪ್ರಸಿದ್ಧ ತುಣುಕಾದರೆ ಎರಡನೇ ಸ್ವರಕ್ಕೇ ಗುರುತು ಸಿಗುತ್ತದೆ, ಅದಕ್ಕೆ ಅದೇ ವಾದಕರ ಕಡಿಮೆ ಕೇಳಿದ ತುಣುಕು ಬೇಕು. ವೀಡಿಯೊ ಅಂತೂ ಬೇಡವೇ ಬೇಡ. ಮುಖ ಕಿವುಚಿದಷ್ಟೂ ಭಾವ ಹೆಚ್ಚೆಂದು ಕಣ್ಣು ಕಿವಿಗೆ ಹೇಳಿಕೊಡುತ್ತದೆ. ಎಲ್ಲವನ್ನೂ ಮೊದಲೇ ಡೌನ್‌ಲೋಡ್ ಮಾಡಿ, ಸ್ಪೀಕರ್ ಚಾರ್ಜ್ ಮಾಡಿಡಿ. ಮಳೆಗಾಲದ ಧಾರವಾಡದಲ್ಲಿ ಕರೆಂಟನ್ನು ನಂಬುವಂತಿಲ್ಲ, ತಗಡಿನ ಮಾಡಿನ ಕೋಣೆಯಾದರೆ ಜಾಗವನ್ನೇ ಬದಲಿಸಿ. ಗಿರ್ಮಿಟ್ ನಡುವಿನ ಬಿಡುವಿಗೆ ಇರಲಿ. ಕೇಳುವಾಗ ಚುರುಮುರಿ ಅಗಿದರೆ ಸಣ್ಣ ಸ್ವರಗಳೆಲ್ಲ ಹೋದವು, ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತದೆ.

ಏನನ್ನು ಕೇಳಬೇಕು

ಈ ಊರಿನವರಿಗೆ ಇಲ್ಲೊಂದು ಅನುಕೂಲವಿದೆ. ರಹಿಮತ್ ಖಾನರಿಂದ ಬೆಳೆದ ಸಿತಾರ್ ಪರಂಪರೆ ಇರುವ ಊರಲ್ಲಿ ಮೀಂಡ್ ಕೇಳಿ ಪಳಗಿದ ಕಿವಿಗಳಿಗೆ ಕೊರತೆಯಿಲ್ಲ. ಗಿಟಾರಿನಲ್ಲಿ ಅದೇ ಕೆಲಸಕ್ಕೆ ಬೆಂಡ್ ಎನ್ನುತ್ತಾರೆ. ಸಿತಾರಿನ ಅಗಲವಾದ ಬಾಗಿದ ಮೆಟ್ಟಿಲುಗಳ ಮೇಲೆ ತಂತಿಯನ್ನು ನಾಲ್ಕೈದು ಸ್ವರದಷ್ಟು ಎಳೆಯಬಹುದು. ಗಿಟಾರಿನ ಕತ್ತು ಕಿರಿದು, ಬಿಗಿತ ಹೆಚ್ಚು, ಹೀಗಾಗಿ ಸಾಮಾನ್ಯವಾಗಿ ಒಂದು ಪೂರ್ಣ ಸ್ವರ, ಗಟ್ಟಿ ಬೆರಳಾದರೆ ಎರಡು. ಅಷ್ಟು ಸಣ್ಣ ಜಾಗದಲ್ಲಿ ಎಳೆತ ಸ್ವರಕ್ಕೆ ಸರಿಯಾಗಿ ಮುಟ್ಟಿತೋ, ಕೆಳಗೇ ಉಳಿಯಿತೋ, ದಾಟಿ ಹೋಯಿತೋ? ಮೊದಲ ಅಂಕ ಇದಕ್ಕೆ.

ಅನುಮಾನ ಬಂದರೆ ಗಿಟಾರ್ ಕೈಗೆತ್ತಿಕೊಳ್ಳಿ (ಮಿರ್ಚಿ ತಿಂದವರು ಕೈ ತೊಳೆದುಕೊಂಡು). ಎರಡನೇ ತಂತಿಯ 10ನೇ ಮನೆ ಒತ್ತಿ ಕೇಳಿ, ಆಮೇಲೆ 8ನೇ ಮನೆಯಿಂದ ಎಳೆದು ಅದೇ ಸ್ವರಕ್ಕೆ ಏರಿಸಿ. ಐದು ನಿಮಿಷ ಪ್ರಯತ್ನಿಸಿದರೆ ಡೇವಿಡ್ ಗಿಲ್ಮೋರ್ ಏರಿಸಿ ನಿಲ್ಲಿಸಿ ನಡುಗಿಸುವುದರ ಬೆಲೆ ತಿಳಿಯುತ್ತದೆ. ಆದರೆ ಒಂದು ಎಚ್ಚರಿಕೆ. ಬ್ಲೂಸ್‌ನ ಗಾಂಧಾರ ಎಷ್ಟೋ ಸಲ ಕೋಮಲಕ್ಕಿಂತ ತುಸು ಮೇಲೆ, ಶುದ್ಧಕ್ಕಿಂತ ಕೆಳಗೆ ನಿಲ್ಲುತ್ತದೆ. ಅದು ಬೇಕೆಂದೇ ಮಾಡಿದ್ದು. "ಬೇಸುರಾ" ಎಂದು ಬಿ.ಬಿ. ಕಿಂಗ್‌ನನ್ನು ಹೊರಹಾಕಿದರೆ ತಪ್ಪು ನಿಮ್ಮದು. ಕಟ್ಟಿಯ ಮೇಲೆ ಸಂಗೀತ ಬಲ್ಲ ಹಿರಿಯರಿದ್ದರೆ ಇಂಥಲ್ಲಿ "ಕಾಕಾ, ಈ ಗಾಂಧಾರ ಎಲ್ಲಿ ನಿಂತದ ಹೇಳ್ರಿ" ಎಂದು ಕೇಳಿ. ಗಿಟಾರಿಸ್ಟ್ ಯಾರೆಂಬುದು ಅವರಿಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ವೇಗದ ಲೆಕ್ಕ ಸರಳ. ನಿಮಿಷಕ್ಕೆ 120 ಬಡಿತ, ಬಡಿತಕ್ಕೆ ನಾಲ್ಕು ಸ್ವರ ಎಂದರೆ ಸೆಕೆಂಡಿಗೆ ಎಂಟು. ಅಂಕಿಗಿಂತ ಮುಖ್ಯ, ಆ ಎಂಟೂ ಸಮ ಅಂತರದಲ್ಲಿ ಬಿದ್ದವೋ ಇಲ್ಲವೋ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ, ಆಮೇಲೆ 0.5ಕ್ಕೆ ಇಳಿಸಿ. ಶ್ರುತಿ ಬದಲಾಗುವುದಿಲ್ಲ. ಆದರೆ 0.5ರಲ್ಲಿ ದನಿ ತುಸು ಕದಡುತ್ತದೆ, ಆ ಕದಡನ್ನು ವಾದಕನ ತಲೆಗೆ ಕಟ್ಟಬೇಡಿ. ಡಿಸ್ಟಾರ್ಷನ್ (ದನಿಯನ್ನು ಬೇಕೆಂದೇ ಒರಟು ಮಾಡುವುದು) ಹೆಚ್ಚಿದ್ದಲ್ಲಿ ಮೆಲ್ಲಗೆ ತಾಗಿದ ಸ್ವರವೂ ಜೋರು ಸ್ವರದಷ್ಟೇ ಎದ್ದು ನಿಲ್ಲುವುದರಿಂದ ಕೈಯ ಏರುಪೇರು ಮುಚ್ಚಿಹೋಗುತ್ತದೆ. ಕೈ ಎಷ್ಟು ತಯಾರಿದೆ ಎಂದು ನೋಡಲು ತಿಳಿ ದನಿಯ ತುಣುಕನ್ನೇ ಕೇಳಿ.

ಜಾನ್ ಮೆಕ್‌ಲಾಗ್ಲಿನ್ ಬಂದರೆ ಒಂದು ಮಾತು. ಭಾರತೀಯ ವಾದಕರ ಜತೆ ಕಟ್ಟಿದ 'ಶಕ್ತಿ' ತಂಡದಲ್ಲಿ ಆತ ಬಾರಿಸಿದ ಗಿಟಾರಿನಲ್ಲಿ ಮನೆಗಳ ನಡುವಿನ ಕಟ್ಟಿಗೆಯನ್ನು ತಗ್ಗು ಮಾಡಲಾಗಿತ್ತು, ಗಮಕಕ್ಕೆ ಬೆರಳು ಆಳಕ್ಕಿಳಿಯಲೆಂದು. ಹಾಗಾಗಿ ಆ ಎಳೆತವನ್ನು ಸಾದಾ ಗಿಟಾರಿನ ಎಳೆತದ ಜತೆ ನೇರ ತೂಗಬೇಡಿ.

"ಮೊದಲು ಮಾಡಿದಾಂವ ಇಂವಾ" ಎಂಬ ವಾದ

ಇಸವಿ ಇಲ್ಲದೆ ಈ ಮಾತಿಗೆ ಅವಕಾಶ ಕೊಡಬೇಡಿ. ಎರಡೂ ಕೈಬೆರಳಿಂದ ತಂತಿ ಬಡಿಯುವ ಟ್ಯಾಪಿಂಗ್ ಎಂದರೆ ವ್ಯಾನ್ ಹೇಲನ್‌ನ 'ಇರಪ್ಶನ್' (1978) ನೆನಪಾಗುತ್ತದೆ. ಆದರೆ ಜೆನೆಸಿಸ್ ತಂಡದ ಸ್ಟೀವ್ ಹ್ಯಾಕೆಟ್ 1971ರ ಆಲ್ಬಮ್ಮಿನಲ್ಲೇ ಅದನ್ನು ಬಳಸಿದ್ದ. ಮೊದಲು ಮಾಡಿದವ ಬೇರೆ, ಊರಿಗೆಲ್ಲ ಹಚ್ಚಿದವ ಬೇರೆ. ಎರಡಕ್ಕೂ ಬೇರೆ ಬೇರೆ ಅಂಕ.

ಕನಿಕರವನ್ನೂ ದೂರ ಇಡಿ. 1928ರ ಬೆಂಕಿಯಲ್ಲಿ ಜಾಝ್ ವಾದಕ ಜಾಂಗೊ ರೈನ್‌ಹಾರ್ಟ್‌ನ ಎಡಗೈಯ ಎರಡು ಬೆರಳು ಸೊರಗಿದವು ಎಂಬುದಕ್ಕೆ ಅಂಕವಿಲ್ಲ, ಉಳಿದ ಬೆರಳುಗಳಲ್ಲಿ ಕಟ್ಟಿದ ಶೈಲಿಗೆ ಇದೆ. ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡ, ಬ್ಲ್ಯಾಕ್ ಸ್ಯಾಬತ್ ತಂಡದ ಟೋನಿ ಐಯೋಮಿ ತೆಳು ತಂತಿ ಹಾಕಿದ, ಆಮೇಲೆ ಶ್ರುತಿಯನ್ನೇ ಇಳಿಸಿದ. ಹೆವಿ ಮೆಟಲ್‌ನ ಭಾರವಾದ ದನಿಯಲ್ಲಿ ಆ ಇಳಿಸಿದ ಶ್ರುತಿಯ ಪಾಲು ದೊಡ್ಡದು.

ಪತ್ರಿಕೆಗಳ ಪಟ್ಟಿಗಳನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ರೋಲಿಂಗ್ ಸ್ಟೋನ್‌ನ 2003ರ ನೂರು ಹೆಸರುಗಳಲ್ಲಿ ಹೆಂಗಸರು ಇಬ್ಬರೇ. ಎಲೆಕ್ಟ್ರಿಕ್ ಗಿಟಾರಿಗೆ ಚರ್ಚಿನ ಹಾಡಿನಲ್ಲಿ ಜೀವ ತುಂಬಿದ ಸಿಸ್ಟರ್ ರೊಸೆಟಾ ಥಾರ್ಪ್ ಅದರಲ್ಲಿ ಇರಲೇ ಇಲ್ಲ.

ಮತ

ಹಾಡು ಹಚ್ಚುವ ಮುಂಚೆ ಒಂದು ಚೀಟಿ, ಎಲ್ಲ ಮುಗಿದ ಮೇಲೆ ಇನ್ನೊಂದು. ಎರಡರಲ್ಲೂ ಮೂರು ಹೆಸರು, ಎರಡನೆಯದರಲ್ಲಿ ಪ್ರತಿ ಹೆಸರಿಗೂ ಕಾರಣವಾಗಿ ಆ ದಿನ ಕೇಳಿದ ಒಂದು ನಿರ್ದಿಷ್ಟ ಜಾಗ, ನಿಮಿಷ-ಸೆಕೆಂಡು ಸಮೇತ. ಕಾರಣ ಬರೆಯದ ಚೀಟಿ ಎಣಿಕೆಗಿಲ್ಲ. ಸರಾಸರಿ ತೆಗೆಯುವ ಗೋಜಿಗೆ ಹೋಗಬೇಡಿ, ಯಾರನ್ನೂ ನೋಯಿಸದ ಎರಡನೇ ದರ್ಜೆಯವನೇ ಗೆಲ್ಲುತ್ತಾನೆ. ಯಾರ ಚೀಟಿ ಬದಲಾಯಿತು, ಯಾವ ಜಾಗಕ್ಕೆ ಬದಲಾಯಿತು ಎಂಬುದನ್ನು ಜೋರಾಗಿ ಓದಿ, ಆ ಜಾಗವನ್ನು ಮತ್ತೊಮ್ಮೆ ಹಚ್ಚಿ. ಗೆದ್ದ ಹೆಸರನ್ನು ಮುಂದಿನ ಎರಡು ಬೈಠಕಿಗೆ ಯಾರೂ ತರುವಂತಿಲ್ಲ ಎಂಬ ನಿಯಮ ಮಾಡಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಸಲ ಅದೇ ಹೆಂಡ್ರಿಕ್ಸ್, ಅದೇ ಗಿಲ್ಮೋರ್.